ನಮ್ಮ ಉಡ

ಹಲಸಿನ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಬಿಡುವುದು ನಮ್ಮ ಕಾಸರಗೋಡು ಕಡೆಯ ಹಳೆಯ ಪದ್ಧತಿ. ಮರ ಬೆಳೆದಂತೆ ಬಳ್ಳಿಯೂ ಅದರ ಬೆನ್ನು ಹತ್ತಿ ಮೂವತ್ತು ನಲುವತ್ತು ಅಡಿಯವರೆಗೆ ಹೋಗುತ್ತದೆ. ನೋಡಲು ಬಹಳ ಚಂದ. ಕೊಯ್ಯುವವರು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಆ ಚಂದ ಸ್ವಲ್ಪ ಕಡಿಮೆಯಾಗುತ್ತದೆ.

ನನ್ನ ಮನೆಯ ಹಿಂದೆ ಅಂಥ ನಾಲ್ಕು ಮರಗಳಿವೆ. ಅವುಗಳ ಮೆಣಸನ್ನು ಬಹುಕಾಲ ಕೊಯ್ದುಕೊಟ್ಟವರು ನೆರೆಮನೆಯ ಅಜ್ಜ. ಊರಿಗೆಲ್ಲ ಅವರು ಅಜ್ಜನೇ ಆದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರ ಬಳಿ ಇದ್ದುದು ಒಂಟಿ ಬಿದಿರಿನ ಏಣಿ. ಪ್ರತಿ ಗಂಟಿನಲ್ಲೂ ಕವಲಿನ ಬುಡವನ್ನು ನಾಲ್ಕು ಬೆರಳಷ್ಟು ಉಳಿಸಿ ಸವರಿದ ಒಂದು ಉದ್ದ ಬಿದಿರು, ಅಷ್ಟೆ. ಅದರ ಮೇಲೆ ಹೆಬ್ಬೆರಳೂರಿ, ಸೊಂಟಕ್ಕೆ ಗೋಣಿಚೀಲ ಸಿಕ್ಕಿಸಿಕೊಂಡು ಅವರು ಏರುವುದನ್ನು ನೋಡುವಾಗ ನನಗೆ ಅಂಗಾಲು ಜುಮ್ಮೆನ್ನುತ್ತಿತ್ತು. 2014ರ ಜನವರಿಯಲ್ಲಿ ಒಂದು ದಿನ ಏಣಿಯ ಬುಡ ಮುರಕಲ್ಲಿನ ಮೇಲೆ ಜಾರಿತು. ಬಿದ್ದುದು ಹದಿನೈದು ಅಡಿಯಿಂದ. ಸೊಂಟದ ಎಲುಬು ಮುರಿಯಿತು. ಜೀವ ಉಳಿಯಿತು, ಮರ ಹತ್ತುವುದು ಅಲ್ಲಿಗೆ ಮುಗಿಯಿತು. ಅವರು ಬಿದ್ದುದು ನನ್ನ ಮರದಿಂದ ಎಂಬುದನ್ನು ಈ ಪ್ರಬಂಧದ ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಅನಂತರ ಆರೇಳು ವರ್ಷ ಮೇಲಿನ ಮೆಣಸು ಹಕ್ಕಿಗಳ ಪಾಲಾಯಿತು. 2020ರಲ್ಲಿ ಅಜ್ಜನ ಮಗ ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದ. ತೆಂಗಿನ ಮರ ಏರುವ ಯಂತ್ರವೊಂದನ್ನು ಕೊಂಡು ತೋಟದಿಂದ ತೋಟಕ್ಕೆ ಹೋಗತೊಡಗಿದ. ಆ ಯಂತ್ರವನ್ನು ನೀವೂ ನೋಡಿರಬಹುದು. ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕರೊಬ್ಬರು ರೂಪಿಸಿದ ಮಾದರಿ. ಎರಡು ಕಬ್ಬಿಣದ ಚೌಕಟ್ಟು, ಪ್ರತಿಯೊಂದಕ್ಕೂ ಮರವನ್ನು ಸುತ್ತುವ ಉಕ್ಕಿನ ಹಗ್ಗದ ಕುಣಿಕೆ. ಒಂದರ ಮೇಲೆ ನಿಂತರೆ ಅದರ ಕುಣಿಕೆ ಬಿಗಿಯುತ್ತದೆ. ಅಷ್ಟರಲ್ಲಿ ಇನ್ನೊಂದನ್ನು ಮೇಲಕ್ಕೆತ್ತಬೇಕು. ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ 'ತೆಂಗಿನ ಮರದ ಗೆಳೆಯರು' ಎಂಬ ಹೆಸರಿನಲ್ಲಿ ಯುವಕರಿಗೆ ತರಬೇತಿ ಕೊಡತೊಡಗಿದ ಮೇಲೆ ಇಂಥ ಯಂತ್ರಗಳು ಊರೂರಿಗೂ ಬಂದವು.

ಆದರೆ ಹಲಸಿನ ಮರಕ್ಕೆ ಇದು ಆಗುವುದಿಲ್ಲ. ಒಂದನೆಯದಾಗಿ ಬುಡ ದಪ್ಪ. ಎರಡನೆಯದಾಗಿ ಹತ್ತು ಅಡಿಗೊಂದು ಗೆಲ್ಲು ಅಡ್ಡ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕುಣಿಕೆಯನ್ನು ಮರಕ್ಕೆ ಸುತ್ತಿದರೆ ಅದರೊಳಗೆ ಮೆಣಸಿನ ಬಳ್ಳಿಯೂ ಸಿಕ್ಕಿಕೊಳ್ಳುತ್ತದೆ. ಮೆಣಸು ಕೊಯ್ಯಲು ಹೋಗಿ ಬಳ್ಳಿಯನ್ನೇ ಹಿಸುಕಿ ಬಂದರೆ ಏನು ಪ್ರಯೋಜನ?

ಒಂದು ಸಂಜೆ ಹುಡುಗ (ಅವನಿಗೆ ಮೂವತ್ತೈದು ದಾಟಿದೆ, ನನ್ನ ಹಳೆಯ ವಿದ್ಯಾರ್ಥಿ ಆದುದರಿಂದ ನನಗಿನ್ನೂ ಹುಡುಗ) ಜಗಲಿಯಲ್ಲಿ ಕುಳಿತು ಕೇಳಿದ: "ಸಾರ್, ದುಬಾಯಿಯಲ್ಲಿ ಗಾಜಿನ ಕಟ್ಟಡ ತೊಳೆಯುವವರು ಒಂದೇ ಹಗ್ಗದಲ್ಲಿ ನೇತಾಡಿಕೊಂಡು ಏರುತ್ತಾರೆ, ಇಳಿಯುತ್ತಾರೆ. ಕೈಯಲ್ಲಿ ಒಂದು ಸಣ್ಣ ಹಿಡಿ ಇರ್ತದೆ. ಮೇಲೆ ದೂಡಿದರೆ ಹೋಗ್ತದೆ, ಕೆಳಗೆ ಎಳೆದರೆ ಕಚ್ಚಿಕೊಳ್ತದೆ. ಅಂಥದ್ದು ನಮಗೆ ಮಾಡ್ಲಿಕ್ಕೆ ಆಗ್ಲಿಕ್ಕಿಲ್ವಾ?"

ವಿಜ್ಞಾನದ ಮಾಸ್ತರನೊಬ್ಬನಿಗೆ ಹೀಗೆ ಕೇಳಬಾರದು. ಕೇಳಿದರೆ ಅವನು ಆಗುತ್ತದೆ ಎಂದೇ ಹೇಳುತ್ತಾನೆ.

ಇಂಥ ಹಿಡಿತದ ವಿದ್ಯೆ ಹೊಸದೇನಲ್ಲ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ ಎಂಬವರು 1931ರಲ್ಲಿ ಒಂದು ಗಂಟನ್ನು ಪ್ರಚಾರಕ್ಕೆ ತಂದರು. ದಪ್ಪ ಹಗ್ಗಕ್ಕೆ ತೆಳು ಹಗ್ಗದ ಕುಣಿಕೆಯನ್ನು ಮೂರು ಸುತ್ತು ಸುತ್ತಿ ತನ್ನೊಳಗಿನಿಂದಲೇ ಹೊರಗೆಳೆಯುವುದು. ಭಾರ ಇಲ್ಲದಾಗ ಗಂಟು ಜಾರುತ್ತದೆ, ಭಾರ ಬಿದ್ದಾಗ ಬಿಗಿಯುತ್ತದೆ. 1958ರಲ್ಲಿ ಯೂಸಿ ಮತ್ತು ಮಾರ್ಟಿ ಎಂಬ ಇಬ್ಬರು ಸ್ವಿಸ್ಸರು ಅದೇ ಕೆಲಸವನ್ನು ಲೋಹದ ಹಿಡಿಯಿಂದ ಮಾಡಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ 'ಜುಮಾರ್' ಎಂದು ಹೆಸರಾಯಿತು. ಪೇಟೆಯಲ್ಲಿ ಅಂಥವು ಕ್ರಯಕ್ಕೆ ಸಿಗುತ್ತವೆ. ಹಾಗಾದರೆ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಆಗ ನಾನು ಕೊಟ್ಟ ಉತ್ತರ ಈಗ ನನಗೇ ನೆನಪಿಲ್ಲ.

ನಮ್ಮ ಹಿಡಿಯನ್ನು ಮಾಡಿದ್ದು ಊರಿನ ಆಚಾರಿಯವರ ಕುಲುಮೆಯಲ್ಲಿ. ಐದು ಮಿಲಿಮೀಟರಿನ ಕಬ್ಬಿಣದ ತಗಡನ್ನು ದೋಣಿಯಂತೆ ಬಗ್ಗಿಸಿ, ಅದರ ಒಳಗೆ ಹಗ್ಗ ಹೋಗುವಂತೆ ಮಾಡಿ, ಪಕ್ಕದಲ್ಲಿ ಒಂದು ಬೋಲ್ಟಿಗೆ ತಿರುಗುವ ತುಂಡೊಂದನ್ನು ಸಿಕ್ಕಿಸಿದೆವು. ಅದಕ್ಕೆ 'ನಾಲಿಗೆ' ಎಂದು ಆಚಾರಿಯವರೇ ಹೆಸರಿಟ್ಟರು. ಹಿಡಿಯ ಕೆಳತುದಿಯ ತೂತಿನಿಂದ ಭಾರ ತೂಗಿದಾಗ ಹಗ್ಗದ ಒರಸಾಟಕ್ಕೆ ನಾಲಿಗೆ ತಿರುಗಿ ಹಗ್ಗವನ್ನು ದೋಣಿಯ ಗೋಡೆಗೆ ಒತ್ತುತ್ತದೆ. ಹೆಚ್ಚು ಎಳೆದಷ್ಟೂ ಹೆಚ್ಚು ಒತ್ತುತ್ತದೆ. ಹಿಡಿದರೆ ಬಿಡದ ಪ್ರಾಣಿ ಎಂದು ಮಕ್ಕಳು ಅದನ್ನು 'ಉಡ' ಎಂದು ಕರೆದರು. ಹೆಸರು ಉಳಿಯಿತು.

ಮೊದಲ ನಾಲಿಗೆ ಗುಂಡಗಿತ್ತು. ತೂತು ಮಾತ್ರ ನಡುವಿನಿಂದ ಒಂದು ಬದಿಗೆ. ಹೊಸ ಹಗ್ಗಕ್ಕೆ ಚೆನ್ನಾಗಿ ಕಚ್ಚಿತು. ಅದೇ ಹಗ್ಗ ನಾಲ್ಕು ದಿನ ಎಳೆದು ಎಳೆದು ತೆಳುವಾದ ಮೇಲೆ ಜಾರಿತು. ಏಕೆಂದು ನನಗೆ ಎರಡು ರಾತ್ರಿ ಹೊಳೆಯಲಿಲ್ಲ. ಆಮೇಲೆ ಕಾಗದದ ಮೇಲೆ ಗೆರೆ ಎಳೆದು ನೋಡುವಾಗ ತಿಳಿಯಿತು: ಗುಂಡು ನಾಲಿಗೆಯಲ್ಲಿ ಹಗ್ಗದ ದಪ್ಪ ಬದಲಾದಂತೆ ಅದು ಹಗ್ಗವನ್ನು ಮುಟ್ಟುವ ಕೋನವೂ ಬದಲಾಗುತ್ತದೆ. ಆ ಕೋನದ ಟ್ಯಾಂಜೆಂಟು ಘರ್ಷಣಾ ಗುಣಾಂಕಕ್ಕಿಂತ ಹೆಚ್ಚಾಯಿತೆಂದರೆ ಹಿಡಿತ ತಪ್ಪಿತು. ಹಾಗಾದರೆ ಎಲ್ಲಿ ಮುಟ್ಟಿದರೂ ಒಂದೇ ಕೋನ ಬರುವ ವಕ್ರರೇಖೆ ಬೇಕು. ಅದು ಶಂಖ ಬೆಳೆಯುವ ರೀತಿಯ ಸುರುಳಿ. ಸಮ ಕೋನಕ್ಕೆ ಸಮ ಅನುಪಾತದಲ್ಲಿ ತ್ರಿಜ್ಯ ಹಿಗ್ಗುವಂಥದು. ನಾನು 14 ಡಿಗ್ರಿಯ ಕೋನ ಇಟ್ಟುಕೊಂಡೆ. ಅದರ ಟ್ಯಾಂಜೆಂಟು ಸುಮಾರು 0.25. 20 ಮಿಲಿಮೀಟರಿನಿಂದ ಹೊರಟರೆ ಹತ್ತು ಡಿಗ್ರಿ ತಿರುಗುವಾಗ 20.9, ಇಪ್ಪತ್ತಕ್ಕೆ 21.8, ಹೀಗೆ ತೊಂಬತ್ತು ಡಿಗ್ರಿಗೆ 29.6 ಆಗುತ್ತದೆ. ಹತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಮಾಡಿ ಗ್ರಾಫ್ ಕಾಗದದಲ್ಲಿ ಚಿತ್ರ ಬಿಡಿಸಿಕೊಟ್ಟರು. ಆಚಾರಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಷ್ಟ್ರೇ, ಗೆರೆ ನೀವು ಎಳೀರಿ, ಅರ ಹಾಕುವುದು ನನಗೆ ಬಿಡಿ" ಎಂದರು. ಲಾರಿಯ ಹಳೆಯ ಪ್ಲೇಟಿನ ತುಂಡೊಂದನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಿಸಿ, ಮೆತ್ತಗಾದ ಮೇಲೆ ಎರಡು ದಿನ ಅರ ಹಾಕಿ ಆ ಸುರುಳಿಯನ್ನು ತೆಗೆದರು. ಕತ್ತಿ ಮಸೆಯುವ ಕೈಗೆ ಅರ್ಧ ಮಿಲಿಮೀಟರಿನ ಹದ ಎಲ್ಲಿಂದ ಬಂತೋ, ನಾನು ಕಾಣೆ.

ಇನ್ನು ಹಲ್ಲಿನ ವಿಚಾರ. ನಯವಾದ ನಾಲಿಗೆ ಒದ್ದೆ ಹಗ್ಗಕ್ಕೆ ಜಾರಿತು. ಚೂಪಾದ ಹಲ್ಲು ಕೊಯ್ದೆವು. ಜಾರಲಿಲ್ಲ, ಆದರೆ ಹಗ್ಗದ ಮೈಯಿಂದ ಎಳೆಎಳೆಯಾಗಿ ನೂಲು ಕಿತ್ತುಬಂತು. ಕೊನೆಗೆ ಹಲ್ಲಿನ ಮೊನೆಯನ್ನೆಲ್ಲ ಮೊಂಡು ಮಾಡಿ, ಮೆಟ್ಟಿಲಿನಂಥ ಅಡ್ಡಗೆರೆಗಳನ್ನು ಮಾತ್ರ ಉಳಿಸಿದೆವು. ಭಾರ ಇಲ್ಲದಾಗಲೂ ನಾಲಿಗೆ ಹಗ್ಗವನ್ನು ಮುಟ್ಟಿಕೊಂಡೇ ಇರಬೇಕಲ್ಲ? ಇಲ್ಲದಿದ್ದರೆ ಕಚ್ಚುವುದಕ್ಕೆ ಆರಂಭವೇ ಸಿಗುವುದಿಲ್ಲ. ಅದಕ್ಕೆ ಸ್ಪ್ರಿಂಗು ಬೇಕು. ಬಾಲ್‌ಪೆನ್ನಿನದು ಸಾಲಲಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪಿನ ಸ್ಪ್ರಿಂಗು ಅಳತೆ ಮಾಡಿದಂತೆ ಕುಳಿತಿತು. ಆ ತಿಂಗಳು ನಮ್ಮ ಮನೆಯ ಹಗ್ಗದಿಂದ ಬಟ್ಟೆ ಹಾರಿಹೋಗುವುದು ಸ್ವಲ್ಪ ಹೆಚ್ಚಾಯಿತು.

ಪರೀಕ್ಷೆ ಶುರು ಮಾಡಿದ್ದು 2022ರ ಮಾರ್ಚಿನಲ್ಲಿ. ಮೊದಲು ಮನುಷ್ಯರಲ್ಲ, ಹೊಯಿಗೆ. ನಲುವತ್ತು ನಲುವತ್ತು ಕಿಲೋದ ಎರಡು ಚೀಲ ಕಟ್ಟಿ ತೂಗಿಸಿದೆವು. ಹಗ್ಗವನ್ನು ಎತ್ತರದ ಕವಲಿಗೆ ಹಾಕುವ ಕೆಲಸವನ್ನು ಎಂಟನೆಯ ತರಗತಿಯ ಒಬ್ಬ ಪುಟ್ಟ ನಿರ್ವಹಿಸಿದ. ಕಲ್ಲೆಸೆದು ಮಾವಿನಕಾಯಿ ಬೀಳಿಸುವುದರಲ್ಲಿ ಅವನದು ಪಳಗಿದ ಕೈ. ಹೊಯಿಗೆ ತುಂಬಿದ ಸಣ್ಣ ಚೀಲಕ್ಕೆ ಗಾಳದ ದಾರ ಕಟ್ಟಿ ಎಸೆದರೆ ಮೂರನೆಯ ಸಲಕ್ಕೆ ಕವಲಿನ ಮೇಲಿಂದ ಆಚೆ ಬೀಳುತ್ತಿತ್ತು. ದಾರದ ಹಿಂದೆ ಸಣ್ಣ ಹಗ್ಗ, ಅದರ ಹಿಂದೆ ದೊಡ್ಡ ಹಗ್ಗ. ದೊಡ್ಡದರ ಒಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿ ಇನ್ನೊಂದನ್ನು ಇಳಿಬಿಡುವುದು ನಮ್ಮ ಕ್ರಮ.

ಆಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಒಂದು ತುದಿಯನ್ನು ಬುಡಕ್ಕೆ ಕಟ್ಟಿದರೆ ಗೆಲ್ಲಿನ ಮೇಲೆ ಎರಡು ಪಾಲು ಭಾರ ಬೀಳುವುದಿಲ್ಲವೇ? ನೀವೇ ರಾಟೆಯ ಪಾಠದಲ್ಲಿ ಹೇಳಿದ್ದು."

ನಾನು ಹೇಳಿದ್ದು ನಿಜ. ಆದರೆ ಮರದ ಕೆಳಗೆ ನಿಂತಾಗ ಅದು ನನಗೆ ನೆನಪಾಗಿರಲಿಲ್ಲ. ಈಚೆಯ ಹಗ್ಗದಲ್ಲಿ ಅರುವತ್ತು ಕಿಲೋದ ಮನುಷ್ಯ ತೂಗಿದರೆ ಆಚೆಯ ಹಗ್ಗವೂ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಕೆಳಕ್ಕೆಳೆಯುತ್ತದೆ. ಗೆಲ್ಲಿನ ಪಾಲಿಗೆ ನೂರ ಇಪ್ಪತ್ತು. ಅಂದಿನಿಂದ ಯಾರೇ ಏರುವ ಮೊದಲು ಮೂರು ಜನ ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ಗೆಲ್ಲನ್ನು ಪರೀಕ್ಷಿಸುವುದು ನಿಯಮವಾಯಿತು.

ಹಗ್ಗವೂ ಪಾಠ ಕಲಿಸಿತು. ಮಂಗಳೂರಿನ ಬಂದರಿನಿಂದ ತಂದ ಹಳದಿ ಹಗ್ಗ ಅಗ್ಗವೂ ಗಟ್ಟಿಯೂ ಆಗಿತ್ತು. ಹೊಯಿಗೆಚೀಲವನ್ನು ಕಬ್ಬಿಣದ ಬಳೆಯೊಂದರ ಮೂಲಕ ವೇಗವಾಗಿ ಇಳಿಸಿದಾಗ ಹಗ್ಗದ ಮೈ ಕರಗಿ ಗಾಜಿನಂತೆ ಹೊಳೆಯಿತು. ತುಂಡೊಂದನ್ನು ಬಕೆಟಿನ ನೀರಿಗೆ ಹಾಕಿದೆವು; ತೇಲಿತು. ತೇಲಿದರೆ ಪಾಲಿಪ್ರೊಪಿಲೀನು, ಮುಳುಗಿದರೆ ನೈಲಾನು. ಮೊದಲನೆಯದು ಸುಮಾರು 165 ಡಿಗ್ರಿಗೇ ಕರಗುತ್ತದೆ, ನೈಲಾನಿಗೆ 220ರ ಹತ್ತಿರ ಬೇಕು. ಮೀನಿನ ಬಲೆಗೆ ತೇಲುವ ಹಗ್ಗ ಬೇಕು, ನಿಜ. ನಮಗೆ ಬೇಕಾದುದು ಮುಳುಗುವ ಹಗ್ಗ. ಹಣ ಹೋಯಿತು, ಹಳದಿ ಹಗ್ಗ ಬಾವಿಗೆ ಹೋಯಿತು.

ಮೇ ತಿಂಗಳ ಎರಡನೆಯ ಶನಿವಾರ ಹುಡುಗ ಮೊದಲ ಸಲ ಏರಿದ. ಕಟ್ಟಡ ಕೆಲಸದವರು ಹಾಕಿಕೊಳ್ಳುವ ಪಟ್ಟಿ ತೊಟ್ಟಿದ್ದ. ಒಂದು ಉಡ ಎದೆಗೆ, ಇನ್ನೊಂದರಿಂದ ಕಾಲಿಗೆ ಕುಣಿಕೆ. ಕಾಲಿನದನ್ನು ಮೇಲಕ್ಕೆ ದೂಡಿ, ಕುಣಿಕೆಯಲ್ಲಿ ಎದ್ದು ನಿಂತು, ಎದೆಯದನ್ನು ಮೇಲಕ್ಕೆ ಸರಿಸಿ ಕುಳಿತುಕೊಳ್ಳುವುದು. ಕಪ್ಪೆ ಈಜುವ ಹಾಗೆ. ಐದಾರು ನಿಮಿಷದಲ್ಲಿ ಇಪ್ಪತ್ತು ಅಡಿ ಏರಿದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಸಾರ್, ಇನ್ನು ಇಳಿಯುವುದು ಹೇಗೆ?" ಎಂದು ಮೇಲಿನಿಂದ ಕೇಳಿದ.

ಅದನ್ನು ನಾವು ಯೋಚಿಸಿಯೇ ಇರಲಿಲ್ಲ ಎಂದರೆ ನೀವು ನಂಬಲಾರಿರಿ. ಏರಿದ ಕ್ರಮವನ್ನೇ ಹಿಂದುಮುಂದು ಮಾಡಿ ಇಳಿಯಬಹುದು ಎಂಬ ಅಂದಾಜು ನನ್ನ ತಲೆಯಲ್ಲಿತ್ತು. ಅದು ಸರಿಯೇ. ಆದರೆ ಉಡದ ಗುಣವೆಂದರೆ ಭಾರ ಇರುವಷ್ಟು ಹೊತ್ತು ಅದು ಬಾಯಿ ತೆರೆಯದು. ಎದೆಯದನ್ನು ಬಿಡಿಸಬೇಕಾದರೆ ಕಾಲಿನ ಕುಣಿಕೆಯಲ್ಲಿ ಎದ್ದು ನಿಂತು ಭಾರ ತಪ್ಪಿಸಬೇಕು. ಅಷ್ಟರಲ್ಲಿ ಅವನ ಕಾಲು ಕುಣಿಕೆಯಿಂದ ಜಾರಿತ್ತು. ಕುಣಿಕೆ ಗಾಳಿಗೆ ಅತ್ತಿತ್ತ ತೂಗುತ್ತ ಒಂದು ಮೆಣಸಿನ ಬಳ್ಳಿಗೆ ಸಿಕ್ಕಿಕೊಂಡಿತು. ಕೈ ಚಾಚಿದರೂ ಅವನಿಗೆ ಎಟುಕದು.

ಮೊದಲು ಎಲ್ಲರೂ ನಕ್ಕೆವು, ಅವನೂ ನಕ್ಕ. ಐದು ನಿಮಿಷ ಕಳೆಯಿತು. "ಸಾರ್, ಕಾಲು ಮರಗಟ್ಟಿದ ಹಾಗೆ ಆಗ್ತದೆ" ಎಂದ. ಆಗ ನನ್ನ ನಗು ನಿಂತಿತು. ಪಟ್ಟಿಯಲ್ಲಿ ಅಲುಗಾಡದೆ ನೇತಾಡಿದರೆ ತೊಡೆಯ ಪಟ್ಟಿ ಒತ್ತಿ ಕಾಲಿನ ರಕ್ತ ಮೇಲಕ್ಕೆ ಬರಲಾಗದೆ ಮನುಷ್ಯ ಮೂರ್ಛೆ ಹೋಗುತ್ತಾನೆ, ಹಾಗೆಯೇ ಬಿಟ್ಟರೆ ಜೀವಕ್ಕೂ ಅಪಾಯ ಎಂದು ನಾನು ಓದಿದ್ದೆ. ಓದಿದ್ದು ನೆನಪಾಗುವುದು ಯಾವಾಗಲೂ ಇಂಥ ಹೊತ್ತಿನಲ್ಲಿಯೇ. ಅವನ ಮುಖ ಬೆಳ್ಳಗಾಗುತ್ತಿತ್ತು. "ಕಾಲು ಆಡಿಸುತ್ತಾ ಇರು, ಮರಕ್ಕೆ ಒದೆ" ಎಂದು ಕೂಗಿದೆ. ಮಕ್ಕಳು ಏಣಿಗೆಂದು ಓಡಿದರು. ಹತ್ತಿರದಲ್ಲಿ ಇದ್ದುದು ಒಂದೇ ಏಣಿ: ಎಂಟು ವರ್ಷದಿಂದ ಅಜ್ಜನ ಹಟ್ಟಿಯ ಮಾಡಿಗೆ ಸಿಕ್ಕಿಸಿಟ್ಟಿದ್ದ ಒಂಟಿ ಬಿದಿರು.

ಬಿದಿರಿನ ಹಿಂದೆಯೇ ಅಜ್ಜ ಕೋಲೂರಿಕೊಂಡು ಬಂದರು. ಏನೂ ಕೇಳಲಿಲ್ಲ. ಬಿದಿರಿನ ಬುಡವನ್ನು ಎಲ್ಲಿ ಊರಬೇಕೆಂದು ಕೋಲಿನಿಂದ ತೋರಿಸಿದರು. ಅಲ್ಲಿ ಮಣ್ಣು ಕೆದಕಿಸಿ ಗುಂಡಿ ಮಾಡಿಸಿದರು. ಆಚಾರಿಯವರೂ ನಾನೂ ಬುಡ ಹಿಡಿದೆವು. ಹುಡುಗ ಬಿದಿರಿನ ಗಂಟಿಗೆ ಕಾಲೂರಿ, ಭಾರ ತಪ್ಪಿಸಿ, ಉಡದ ನಾಲಿಗೆಯನ್ನು ಹೆಬ್ಬೆರಳಿನಿಂದ ಬಿಡಿಸಿಕೊಂಡು ಇಳಿದ. ಒಟ್ಟು ಹದಿನೈದು ನಿಮಿಷವಾಗಿರಬಹುದು. ನೆಲಕ್ಕೆ ಬಂದವನು ನಿಲ್ಲಲಾರದೆ ಕುಳಿತುಬಿಟ್ಟ.

ಅಜ್ಜ ಮಗನನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ, "ಮಾಷ್ಟ್ರೇ, ನಾನು ಹತ್ತುವಾಗ ಇಳಿಯುವ ದಾರಿಯನ್ನು ಮೊದಲೇ ನೋಡಿಕೊಳ್ತಿದ್ದೆ. ಆದರೂ ಬಿದ್ದೆ" ಎಂದರು. ಬಿದಿರನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೇ ಮನೆಯ ಇಬ್ಬರು, ಒಂದೇ ಮರ, ಆ ಮರ ನನ್ನದು. ಉಡವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮಳೆಗಾಲ ಪೂರ್ತಿ ಅದರ ಸುದ್ದಿ ಎತ್ತಲಿಲ್ಲ. ಮಕ್ಕಳು ಕೇಳಿದರೆ ಪಾಠ ಬಾಕಿ ಇದೆ ಎನ್ನುತ್ತಿದ್ದೆ.

ಮತ್ತೆ ಅದನ್ನು ಹೊರಗೆ ತೆಗೆಸಿದವರು ಅಜ್ಜನೇ. ನವರಾತ್ರಿ ಕಳೆದು ಒಂದು ದಿನ ಬಂದು, "ಅದನ್ನು ಒಮ್ಮೆ ತನ್ನಿ, ನೋಡುವಾ" ಎಂದರು. ಜಗಲಿಯ ಕಂಬಕ್ಕೆ ಹಗ್ಗ ಕಟ್ಟಿ ಒಂದು ಗಂಟೆ ಅದನ್ನು ಮೇಲೆ ಕೆಳಗೆ ಮಾಡಿದರು. ಆಮೇಲೆ ಒಂದು ಮೆಣಸಿನ ಎಲೆಯ ತೊಟ್ಟನ್ನು ಕಿತ್ತು ತಂದು ನಾಲಿಗೆಗೂ ಹಗ್ಗಕ್ಕೂ ನಡುವೆ ತುರುಕಿ ಎಳೆದರು. ಉಡ ಸರ್ರನೆ ಜಾರಿತು. ನಾವು ಹೊಯಿಗೆಚೀಲದಿಂದ ಅಷ್ಟು ಪರೀಕ್ಷೆ ಮಾಡಿದ್ದೆವಲ್ಲ, ಅದೆಲ್ಲ ಚೊಕ್ಕ ಹಗ್ಗದಲ್ಲಿ. ಮರದ ಮೇಲೆ ತೊಟ್ಟು, ಸಿಪ್ಪೆ, ಪಾಚಿ, ಕೆಂಪಿರುವೆಯ ಗೂಡು ಏನೆಲ್ಲ ಇರುತ್ತದೆ ಎಂಬುದು ಮರ ಹತ್ತಿದವರಿಗಷ್ಟೇ ಗೊತ್ತು.

ಇದರ ಮೇಲೆ ಲೆಕ್ಕವನ್ನೂ ಮಾಡಿ ನೋಡಿದೆ. 80 ಕಿಲೋದ ಒಬ್ಬ ಒಂದು ಮೀಟರು ಬಿದ್ದು ಹತ್ತು ಸೆಂಟಿಮೀಟರಿನೊಳಗೆ ನಿಂತರೆ ಹಿಡಿಯ ಮೇಲೆ ಸರಾಸರಿ ಬೀಳುವ ಬಲ 880 ಕಿಲೋದ ಭಾರಕ್ಕೆ ಸಮ. ನಮ್ಮ ಬಗ್ಗಿಸಿದ ತಗಡು ಅದನ್ನು ತಡೆಯುತ್ತದೆಯೇ? ತಡೆದೀತು ಎಂದು ಆಚಾರಿಯವರ ನಂಬಿಕೆ. ತಡೆದೀತು ಎಂಬ ಮಾತಿನ ಮೇಲೆ ಮನುಷ್ಯನನ್ನು ತೂಗಿಸಲು ನನಗೆ ಧೈರ್ಯವಾಗಲಿಲ್ಲ. ಕೊನೆಗೆ ಅಜ್ಜನೇ ತೀರ್ಮಾನ ಹೇಳಿದರು: "ಕಾಲಿಗೆ ನಿಮ್ಮದು ಇರಲಿ. ಎದೆಗೆ ಪೇಟೆಯದ್ದು ತನ್ನಿ."

ತಂದೆವು. ಪರೀಕ್ಷೆ ಮಾಡಿ ಮುದ್ರೆ ಒತ್ತಿದ ಹಿಡಿ ಒಂದು, ಇಳಿಯುವುದಕ್ಕೆ ಎಂಟರ ಆಕಾರದ ಬಳೆ ಒಂದು. ಎದೆಯ ಹಿಡಿಯ ಮೇಲ್ಗಡೆ ಪ್ರುಸಿಕ್ ಗಂಟನ್ನೂ ಹಾಕಿದೆವು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಕೆಳಗಿನ ಉಡದ ದೋಣಿಯ ಮೇಲ್ಬಾಯಿಗೆ ಆಚಾರಿಯವರು ಒಂದು ತುಟಿ ಕೂಡಿಸಿದರು. ಹಗ್ಗದ ಮೇಲಿನ ಕಸ ಅಲ್ಲಿಯೇ ಕೆರೆದು ಹೋಗುತ್ತದೆ. ಕಾಲಿನ ಕುಣಿಕೆಗೆ ಸೈಕಲ್ ಟ್ಯೂಬಿನ ತುಂಡು ಹೊಲಿದದ್ದರಿಂದ ಅದು ಮತ್ತೆ ಜಾರಲಿಲ್ಲ. ಬಿದಿರಿನ ಏಣಿ ಮರದ ಬುಡದಲ್ಲಿ ಸಿದ್ಧವಾಗಿರದೆ ಯಾರೂ ನೆಲ ಬಿಡಬಾರದು ಎಂಬುದು ಅಜ್ಜ ಸೇರಿಸಿದ ನಿಯಮ. ಶಾಲೆಯ ಮಕ್ಕಳು ಹಗ್ಗ ಎಸೆಯಬಹುದು, ಲೆಕ್ಕ ಮಾಡಬಹುದು, ಏರುವಂತಿಲ್ಲ ಎಂಬುದು ನಾನು ಸೇರಿಸಿದ್ದು. ಇದಕ್ಕೆ ಎಂಟನೆಯ ತರಗತಿಯ ಪುಟ್ಟನ ಒಪ್ಪಿಗೆ ಇಂದಿಗೂ ಸಿಕ್ಕಿಲ್ಲ.

2023ರ ಜನವರಿಯಲ್ಲಿ ಹುಡುಗ ಆ ಮರವನ್ನು ಏರಿ ಮೇಲಿನ ಮೆಣಸನ್ನೆಲ್ಲ ಕೊಯ್ದ. ಹಸಿಯದು ಹನ್ನೊಂದು ಕಿಲೋ ಇತ್ತು. ಒಣಗಿದ ಮೇಲೆ ನಾಲ್ಕಕ್ಕೆ ಸ್ವಲ್ಪ ಕಡಿಮೆ ಬಂತು. ಅವನು ಮೇಲಿದ್ದಷ್ಟು ಹೊತ್ತೂ ಅಜ್ಜ ಕುರ್ಚಿ ಹಾಕಿಸಿಕೊಂಡು ಕೆಳಗೆ ಕುಳಿತಿದ್ದರು. ಮಾತಾಡಲಿಲ್ಲ. ಇಳಿದು ಬಂದವನ ಎದೆಯ ಹಿಡಿಯನ್ನಲ್ಲ, ಕಾಲಿನ ಉಡವನ್ನು ಕೈಗೆ ತೆಗೆದುಕೊಂಡು, ನಾಲಿಗೆಯಲ್ಲಿ ಸಿಕ್ಕಿದ್ದ ಹಗ್ಗದ ನೂಲನ್ನು ಉಗುರಿನಿಂದ ಬಿಡಿಸಿದರು.

ಎರಡು ಕೊಯ್ಲು ಮುಗಿದ ಮೇಲೆ ಮೈಯೆಲ್ಲ ನೂಲೆದ್ದ ಆ ನೈಲಾನ್ ಹಗ್ಗವನ್ನು ಯಾರೂ ಮರೆತು ಮತ್ತೆ ಮರಕ್ಕೆ ಕಟ್ಟದಂತೆ ಆರಾರು ಅಡಿಯ ತುಂಡು ಮಾಡಿದೆವು. ಒಂದರಲ್ಲಿ ಈಗ ಅಜ್ಜನ ದನ ಕಟ್ಟಿದೆ.